ಪಟ್ಟಿಯ ಕೊನೆಯ ಹೆಸರು

ಹೊಸದಾಗಿ ಪ್ರೋಗ್ರಾಮಿಂಗ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ಕೆ.ಆರ್. ಪುರದ ಕಾಲೇಜೊಂದರವರು ನನ್ನನ್ನು ಕರೆದಿದ್ದರು. ಹೋದೆ. ಹಳೆಯ ಕಂಪ್ಯೂಟರುಗಳು ಎಷ್ಟು ನಿಧಾನವಾಗಿದ್ದವು, ಫ್ಲಾಪಿಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಊರೆಲ್ಲ ಹೇಗೆ ಸುತ್ತುತ್ತಿದ್ದೆವು ಎಂದೆಲ್ಲ ಹೇಳಿದೆ. ನಕ್ಕರು, ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಹೇಳಬೇಕಾದದ್ದನ್ನು ಹೇಳದೆಯೇ ಮನೆಗೆ ಬಂದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲಿಂಗಸುಗೂರು ಕಡೆಯವನು. ತೊಂಬತ್ತರ ದಶಕದ ಮೊದಲಿಗೆ ಬಿ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದು, ಹಲಸೂರಿನಲ್ಲಿ ಇನ್ನಿಬ್ಬರ ಜೊತೆ ಒಂದು ರೂಮಿನಲ್ಲಿದ್ದುಕೊಂಡು, ಶಿವಾಜಿನಗರದಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದೆ. ಇಂದಿರಾನಗರದ ಒಂದು ಮನೆಯ ಮೊದಲ ಮಹಡಿಯಲ್ಲಿದ್ದ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೇ ಕೊನೆಯವರೆಗೂ ಇದ್ದೆ. ನನ್ನ ಪೂರ್ತಿ ಹೆಸರು ಶರಣಬಸಪ್ಪ. ಸೇರಿದ ವಾರದಲ್ಲಿಯೇ ಅದು ಶರಣ್ ಆಯಿತು. ಮೂರು ತಿಂಗಳಲ್ಲಿ ಮಾತೂ ಬದಲಾಯಿತು. ಆಫೀಸಿನಲ್ಲಿ ‘ಹೌದ್ರಿ’ ಅಂದರೆ ನಗುತ್ತಿದ್ದರು. ‘ಹೂಂ ಗುರು’ ಅನ್ನುವುದನ್ನು ಕಲಿತೆ.

ನಮ್ಮ ಕಂಪನಿ ಮಾಡುತ್ತಿದ್ದದ್ದು ದೊಡ್ಡ ಕೆಲಸವೇನಲ್ಲ. ಹೋಟೆಲು, ಲ್ಯಾಬು, ಸ್ಕೂಲು, ಸಣ್ಣ ಕಾರ್ಖಾನೆಗಳಿಗೆ ಬೇಕಾದ ಪ್ರೋಗ್ರಾಂಗಳು. ಪರದೆಯ ಮೇಲೆ ಬಟನ್‌ಗಳು. ಮೌಸಿನಿಂದ ಒತ್ತಿದರೆ ಒಂದು ಕೆಲಸ ಆಗಬೇಕು. ಬಟನ್ ಬರೆಯುವುದು ಸುಲಭ. ಒತ್ತಿದಾಗ ಏನಾಗಬೇಕೆಂದು ಹೇಳುವ ಸಾಲುಗಳನ್ನು ಬರೆಯುವುದೇ ನಿಜವಾದ ಕೆಲಸ. ಅದಕ್ಕೆ ಹ್ಯಾಂಡ್ಲರ್ ಎನ್ನುತ್ತಾರೆ. ಎಷ್ಟು ಬಟನ್ ಬೇಕೆಂದು ಮೊದಲೇ ಗೊತ್ತಿದ್ದರೆ ಚಿಂತೆಯಿಲ್ಲ. ಗೊತ್ತಿಲ್ಲದಿದ್ದಾಗ, ಪ್ರೋಗ್ರಾಂ ಓಡುತ್ತಿರುವಾಗಲೇ ಬಟನ್‌ಗಳನ್ನು ಹುಟ್ಟಿಸಿ ಒಂದೊಂದಕ್ಕೂ ಬೇರೆ ಬೇರೆ ಕೆಲಸ ಅಂಟಿಸಬೇಕು. ನನ್ನ ವೃತ್ತಿಯ ತಪ್ಪುಗಳೆಲ್ಲ ಹೆಚ್ಚುಕಡಿಮೆ ಈ ಅಂಟಿಸುವ ಜಾಗದಲ್ಲೇ ಆದವು.

ಮೊದಲನೆಯದು ನಗುವಂಥದ್ದು. ರಸೆಲ್ ಮಾರುಕಟ್ಟೆಯ ಹತ್ತಿರ ಗೌಸ್ ಭಾಯ್ ಎಂಬುವವರ ಹೋಟೆಲಿಗೆ ಬಿಲ್ ಹಾಕುವ ಪ್ರೋಗ್ರಾಂ ಬರೆದುಕೊಟ್ಟೆ. ಒಂದೊಂದು ತಿನಿಸಿಗೂ ಒಂದೊಂದು ಬಟನ್, ಒಟ್ಟು ನಲವತ್ತು. ನನಗೆ ಆಗ ಗೊತ್ತಿದ್ದದ್ದು ಒಂದೇ ದಾರಿ: ಒಂದು ಬಟನ್ನಿನ ಹ್ಯಾಂಡ್ಲರ್ ಬರೆದು, ಅದನ್ನೇ ನಲವತ್ತು ಸಲ ನಕಲು ಮಾಡಿ, ಹೆಸರು ಬದಲಿಸುತ್ತ ಹೋಗುವುದು. ಒಂದು ಕಡೆ ಬದಲಿಸುವುದನ್ನು ಮರೆತೆ. ಮಾರನೆಯ ದಿನವೇ ಗೌಸ್ ಭಾಯ್ ಆಫೀಸಿನ ಮೆಟ್ಟಿಲು ಹತ್ತಿ ಬಂದರು.

“ಅರೇ ಶರಣ್ ಭಾಯ್, ಜನ ಚಾಯ್ ಕುಡೀತಾರೆ, ನಿಮ್ದು ಮಶೀನು ಬಿರಿಯಾನಿ ಹಾಕ್ತದೆ!”

ನಾನು, “ನಿಮ್ಮ ಕ್ಯಾಷಿಯರ್ ಬಟನ್ ತಪ್ಪಾಗಿ ಒತ್ತಿರಬೇಕು,” ಎಂದೆ. ಯಾರಾದರೂ ದೂರು ತಂದರೆ ಒತ್ತಿದವರ ಮೇಲೆ ಹಾಕುವುದನ್ನು ಯಾರೂ ಕಲಿಸದೆಯೇ ಕಲಿತಿದ್ದೆ.

“ಗಿರಾಕಿ ನನ್ನ ಮುಂದೇನೇ ಕೂತು ಚಾಯ್ ಕುಡ್ದಿದ್ದಾನೆ. ನನ್ನ ಕಣ್ಣು ನಂಬ್ಲಾ, ನಿನ್ನ ಮಶೀನು ನಂಬ್ಲಾ?” ಎಂದು ಅವರು ನಕ್ಕರು. ಬಿಲ್ಲುಗಳನ್ನು ಹರಿದುಹಾಕಿ ಕೈಯಲ್ಲೇ ಬರೆದುಕೊಟ್ಟಿದ್ದರಂತೆ. ಸರಿಮಾಡಿಸಿಕೊಂಡು, ಟೀ ಕುಡಿಯಲು ಬಾ ಎಂದು ಹೇಳಿ ಹೋದರು.

ಆಗ ನಮ್ಮ ಹಿರಿಯ ಪ್ರೋಗ್ರಾಮರ್ ಆಗಿದ್ದವರು ಕಮಲಾ ಮೇಡಂ. ಸರಕಾರಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡಿ ಬಿಟ್ಟು ಬಂದವರು. ಜೀವನ್ ಬಿಮಾ ನಗರದಿಂದ ನಡೆದುಕೊಂಡೇ ಆಫೀಸಿಗೆ ಬರುತ್ತಿದ್ದರು. ನನ್ನ ನಲವತ್ತು ನಕಲುಗಳನ್ನು ನೋಡಿ ಬೈಯಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

“ನಲವತ್ತು ಬಟನ್‌ಗೆ ನಲವತ್ತು ಹ್ಯಾಂಡ್ಲರ್ ಯಾಕಪ್ಪಾ? ಒಂದು ಸಾಕು. ಯಾರೇ ಒತ್ತಿದ್ರೂ ಅಲ್ಲಿಗೇ ಬರ್ಲಿ. ಬಂದಾಗ ಆ ಬಟನ್ನನ್ನೇ ಕೇಳು, ನೀನು ಯಾರು, ನಿನ್ನ ನಂಬರ್ ಏನು ಅಂತ. ಅದು ಹೇಳತ್ತೆ.”

ಆಮೇಲೆ ಇನ್ನೊಂದು ಮಾತು ಸೇರಿಸಿದರು: “ಮತ್ತೆ, ಏನು ಒತ್ತಿದ್ವಿ ಅನ್ನೋದು ಒತ್ತಿದವರಿಗೆ ಕಾಣಿಸ್ಬೇಕು. ಕೆಳಗೆ ಒಂದು ಸಾಲು ಜಾಗ ಬಿಡು. ‘ಚಾಯ್ ಒಂದು’ ಅಂತ ಬರ್ಲಿ. ತಪ್ಪಾದ್ರೆ ಅಲ್ಲೇ ಗೊತ್ತಾಗತ್ತೆ.”

ಎಂಟೊಂಬತ್ತು ವರ್ಷ ನಾನು ಹಾಗೆಯೇ ಮಾಡಿದೆ. ವಿಧಾನಗಳು ಬದಲಾಗುತ್ತಲೇ ಇದ್ದವು. ನಾವು ಬರೆಯುತ್ತಿದ್ದ ವಿಬಿ ಭಾಷೆಯ ಹೊಸ ಆವೃತ್ತಿ ಬಂದಾಗ ಬಟನ್‌ಗಳನ್ನು ಗಾಳಿಯಿಂದ ಹುಟ್ಟಿಸಬಹುದು ಎಂದರು. ಹುಟ್ಟಿಸಿದೆ, ಸಾಲಾಗಿ ಬಂದು ನಿಂತವು, ಒತ್ತಿದರೆ ಕೊನೆಯದು ಮಾತ್ರ ಕೆಲಸ ಮಾಡುತ್ತಿತ್ತು, ಉಳಿದವೆಲ್ಲ ಕಲ್ಲು. ಒತ್ತಿದ್ದನ್ನು ಕೇಳಿಸಿಕೊಳ್ಳುವ ಕಿವಿ ಒಂದೇ ಇತ್ತು, ಅದು ಕೊನೆಯ ಬಟನ್ನಿನ ಬಳಿ ಹೋಗಿ ಕೂತಿತ್ತು. ಒಂದೊಂದು ಬಟನ್ನಿಗೂ ಅಂಥದೇ ಒಂದೊಂದು ಕಿವಿ ಕಟ್ಟಿ, ಅವನ್ನೆಲ್ಲ ಒಂದು ಚೀಲದಲ್ಲಿ ಹಾಕಿಡಬೇಕೆಂದು ಕಮಲಾ ಮೇಡಂ ತೋರಿಸಿಕೊಟ್ಟರು. ವಿಬಿಯ ಜಾಗಕ್ಕೆ ಡಾಟ್‌ನೆಟ್ ಬಂದ ಮೇಲೆ ಇನ್ನೊಂದು ಎಡವಟ್ಟು. ಹಲಸೂರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಪರದೆ ಹೊಸದಾದಾಗಲೆಲ್ಲ ಇದ್ದ ಬಟನ್ನಿಗೇ ಹ್ಯಾಂಡ್ಲರ್ ಮತ್ತೆ ಅಂಟಿಸುತ್ತಿದ್ದೆ. ಬೆಳಿಗ್ಗೆ ಒತ್ತಿದರೆ ಒಂದು ರಿಪೋರ್ಟ್ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದೇ ಒತ್ತಿಗೆ ಒಂಬತ್ತು. ಪ್ರಿಂಟರಿನ ಕಾಗದ ಮುಗಿದು, ಲ್ಯಾಬಿನ ಡಾಕ್ಟರು ಫೋನಿನಲ್ಲಿ ಕೂಗಾಡಿದರು.

ಈ ತಪ್ಪುಗಳಿಂದ ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ಅವನ್ನು ಕಾಲೇಜಿನಲ್ಲಿ ಹೇಳಲು ಸಾಧ್ಯವಾಯಿತು.

ಡಾಟ್‌ನೆಟ್ ಬಂದ ಎರಡು ವರ್ಷಕ್ಕೆ ಕಮಲಾ ಮೇಡಂ ಹೋದರು. ಹೋದರು ಅನ್ನುವುದಕ್ಕಿಂತ ಕಳಿಸಲಾಯಿತು ಅನ್ನಬೇಕು. ನಮ್ಮ ಮಾಲೀಕರು ಮುರಳಿ ಸಾರ್. ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವರು, ಎಲ್ಲ ಭಾಷೆಯಲ್ಲೂ ಸಿಹಿಯಾಗಿ ಮಾತಾಡಬಲ್ಲವರು. “ಮೇಡಂ ಇನ್ನೂ ಹಳೇ ಸ್ಟೈಲ್‌ನಲ್ಲೇ ಬರೀತಾರೆ ಶರಣ್, ನಿಮ್ಮಂಥವರು ಮುಂದೆ ಬರ್ಬೇಕು,” ಎಂದರು. ಕೇಕ್ ಕತ್ತರಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅವರ ಮೇಜು ನನಗೆ ಬಂತು. ನಾನು ಬೇಡ ಅನ್ನಲಿಲ್ಲ.

ಹೊಸ ಮೇಜಿನ ಮೇಲೆ ಹೊಸ ರೀತಿಯಲ್ಲಿ ಬರೆಯಬೇಕೆಂಬ ಹುಮ್ಮಸ್ಸು. ಆಗ ನಾವು ಡಾಟ್‌ನೆಟ್‌ನಲ್ಲಿ ಬಳಸುತ್ತಿದ್ದ ಸಿ-ಶಾರ್ಪ್ ಭಾಷೆಗೆ ಒಂದು ಹೊಸ ಸೌಕರ್ಯ ಬಂದಿತ್ತು. ಹ್ಯಾಂಡ್ಲರಿಗೆ ಹೆಸರೇ ಬೇಡ. ಬಟನ್ ಹುಟ್ಟಿಸುವ ಜಾಗದಲ್ಲೇ, ಅದೇ ಸಾಲಿನಲ್ಲಿ, ಒತ್ತಿದಾಗ ಏನಾಗಬೇಕೆಂದು ಬರೆದುಬಿಡಬಹುದು. ಒಂದು ಸೆಮಿನಾರಿನಲ್ಲಿ ಅದನ್ನು ನೋಡಿ ಬಂದ ದಿನ ಖುಷಿಯಾಗಿದ್ದೆ. ಕೋಡು ಅರ್ಧಕ್ಕರ್ಧ ಚಿಕ್ಕದಾಗುತ್ತಿತ್ತು. ಬಟನ್ನನ್ನು ‘ನೀನು ಯಾರು’ ಎಂದು ಕೇಳುವ ಹಳೆಯ ಪದ್ಧತಿ ನನಗೆ ಮುದುಕರದ್ದೆನಿಸಿತು.

ಅದಕ್ಕೆ ಸ್ವಲ್ಪ ಮುಂಚೆ ಕೆ.ಆರ್. ಪುರದಾಚೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಕೆಲಸ ಬಂದಿತ್ತು. ಹೊರದೇಶಕ್ಕೆ ಶರ್ಟು ಹೊಲಿಯುವ ಜಾಗ. ಹೊಲಿದ ಪೀಸುಗಳೆಲ್ಲ ಸಾಲಿನ ಕೊನೆಯಲ್ಲಿದ್ದ ಚೆಕಿಂಗ್ ಟೇಬಲಿಗೆ ಬರುತ್ತಿದ್ದವು. ಅಲ್ಲಿ ಫಿಲೋಮಿನಾ ಎಂಬ ಚೆಕ್ಕರ್ ಒಂದೊಂದನ್ನೂ ಮಗುಚಿ ನೋಡಿ, ಕೆಟ್ಟಿದ್ದರೆ, ಬಂಡಲಿನ ಚೀಟಿಯಿಂದ ಹೊಲಿದವರು ಯಾರೆಂದು ತಿಳಿದು, ಪರದೆಯಲ್ಲಿ ಅವರ ಹೆಸರಿನ ಬಟನ್ ಒತ್ತಬೇಕು. ಅವಳ ಒಂದು ಒತ್ತು, ಹೊಲಿದವಳ ಲೆಕ್ಕದಲ್ಲಿ ಒಂದು ರಿಜೆಕ್ಟ್. ಹಳೆಯ ಕೆಲಸಗಾರರ ಪರದೆಯನ್ನು ನಾನು ಮೊದಲೇ ಕಮಲಾ ಮೇಡಂ ಹೇಳಿಕೊಟ್ಟ ರೀತಿಯಲ್ಲಿ ಬರೆದಿದ್ದೆ. ಅದು ಸರಿಯಾಗಿ ನಡೆಯುತ್ತಿತ್ತು. ಈಗ ಕಾರ್ಖಾನೆಯವರು, ಮೂರು ತಿಂಗಳಿಗೊಮ್ಮೆ ತರಬೇತಿಗೆ ಬರುವ ಹೊಸಬರಿಗೂ ಬೇರೆ ಪರದೆ ಬೇಕೆಂದರು. ಎಷ್ಟು ಜನ ಬರುತ್ತಾರೋ ಅಷ್ಟು ಬಟನ್. ಅದನ್ನು ಹೊಸ ರೀತಿಯಲ್ಲಿ ಬರೆದೆ. ಪರೀಕ್ಷೆ ಮಾಡಲು ಪಟ್ಟಿಯಲ್ಲಿ ಒಂದು ಸುಳ್ಳು ಹೆಸರು ಹಾಕಿ ಒತ್ತಿದೆ. ಆ ಹೆಸರಿಗೇ ರಿಜೆಕ್ಟ್ ಬಿತ್ತು. ಸರಿಯಾಗಿದೆ ಎಂದುಕೊಂಡೆ.

ಒಂದೇ ಹೆಸರಿದ್ದಾಗ ಸರಿಯಾಗಿಯೇ ಇರುತ್ತದೆ. ಇದನ್ನು ಓದುತ್ತಿರುವ ಹೊಸಬರು ಇದೊಂದನ್ನು ನೆನಪಿಟ್ಟುಕೊಳ್ಳಿ: ಮೂರು ಹೆಸರಾದರೂ ಹಾಕಿ ನೋಡಬೇಕು.

ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್ ಪರದೆಯನ್ನು ನೋಡಿ ಒಂದೇ ಒಂದು ಬದಲಾವಣೆ ಕೇಳಿದರು. “ಕೆಳಗೆ ಹೆಸರು, ನಂಬರ್ ಎಲ್ಲ ತೋರಿಸ್ತಾ ಇದೆಯಲ್ಲ, ಅದು ಬೇಡ. ಈ ಹೆಂಗಸರು ಬಂದು ಬಂದು ಸ್ಕ್ರೀನ್ ನೋಡಿ ಜಗಳ ತೆಗೀತಾರೆ. ರಿಪೋರ್ಟ್ ನಂಗೊಬ್ಬನಿಗೆ ಬಂದ್ರೆ ಸಾಕು.”

ಆ ಸಾಲನ್ನು ತೆಗೆದುಹಾಕಿದೆ. ಐದು ನಿಮಿಷದ ಕೆಲಸ.

ಒಂದು ತಿಂಗಳಾದ ಮೇಲೆ ಪ್ರಿಂಟರಿನ ತೊಂದರೆ ಎಂದು ಕರೆದರು. ಹೋದಾಗ ಹಾಜರಿ ನೋಡುವ ಟೈಮ್ ಆಫೀಸಿನ ಪಕ್ಕದ ಗೋಡೆಗೆ ಒಬ್ಬ ಹೆಂಗಸನ್ನು ನಿಲ್ಲಿಸಿದ್ದರು. ಮೂವತ್ತರ ಆಚೀಚೆ ವಯಸ್ಸು, ಎರಡೂ ಕೈಯಲ್ಲಿ ಕೆಟ್ಟ ಶರ್ಟುಗಳ ಕಟ್ಟು. ಎಲ್ಲರೂ ಊಟಕ್ಕೆ ಹೋಗುವ ದಾರಿ ಅದು. ಹೋಗುವವರೆಲ್ಲ ನೋಡಿಕೊಂಡೇ ಹೋಗುತ್ತಿದ್ದರು. ನಾನು ಕಂಪ್ಯೂಟರಿನ ಬಾಕ್ಸು ಹಿಡಿದು ಬಂದದ್ದನ್ನು ಕಂಡು ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ಸರ್ರ, ಈ ಕಂಪ್ಯೂಟರ್ ಮಾಡಿದವ್ರು ನೀವ ಏನ್ರಿ?”

“ಹೌದು. ಏನಮ್ಮ?”

“ಅದರಾಗ ನನ್ನ ಹೆಸರು ಒಂದೀಟು ನೋಡ್ರಿ. ಯಲ್ಲಮ್ಮ ಅಂತ್ರಿ. ನಾ ದಿನಾ ಎಣಸ್ತೀನ್ರಿ ಸರ್ರ. ನಿನ್ನಿ ನನ್ವು ಮೂರು ಪೀಸ್ ಕೆಟ್ಟಾವು. ಇವ್ರು ಮೂವತ್ತೊಂದು ಅಂತಾರ.”

ನಮ್ಮ ಕಡೆಯ ಮಾತು. ಎಷ್ಟೋ ವರ್ಷದ ಮೇಲೆ ಅಷ್ಟು ಹತ್ತಿರದಿಂದ ಕೇಳಿದ್ದೆ. ಎದುರಿಗೆ ಮ್ಯಾನೇಜರ್ ನಿಂತಿದ್ದರು. ನಾನು ಬೆಂಗಳೂರಿನವನಂತೆಯೇ ಉತ್ತರ ಕೊಟ್ಟೆ: “ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ. ನೀವೇ ಸ್ವಲ್ಪ ನಿಧಾನವಾಗಿ ನೋಡ್ಕೊಂಡು ಹೊಲೀರಿ.”

ಅವಳು ಹಿಂದೆ ಸರಿದು ಗೋಡೆಗೆ ನಿಂತಳು. ನಾನು ಪ್ರಿಂಟರ್ ಸರಿಮಾಡಿದೆ. ಸರಿಯಾಗಿದೆಯೇ ಎಂದು ನೋಡಲು ತೆಗೆದ ಮೊದಲ ಕಾಗದ ಹೊಸ ಬ್ಯಾಚಿನ ರಿಪೋರ್ಟೇ ಆಗಿತ್ತು. ಹನ್ನೊಂದು ಹೆಸರು. ಹತ್ತು ಹೆಸರಿನ ಮುಂದೆ ಸೊನ್ನೆ. ಅಕ್ಷರಗಳು ಸ್ಪಷ್ಟವಾಗಿ ಬಂದಿವೆಯೇ ಎಂದಷ್ಟೇ ನೋಡಿ, ಕಾಗದವನ್ನು ಮ್ಯಾನೇಜರ್ ಕೈಗೆ ಕೊಟ್ಟೆ.

ಆ ವಾರದ ಕೊನೆಯಲ್ಲಿ ಅವಳನ್ನು ಕೆಲಸದಿಂದ ತೆಗೆದರು. ಬೇಕೆಂದೇ ಮಾಲು ಕೆಡಿಸುತ್ತಿದ್ದಳು ಎಂದು ಕಾಗದದಲ್ಲಿ ಬರೆದರಂತೆ.

ಅಷ್ಟರಲ್ಲಿ ಆ ಬ್ಯಾಚಿನ ತರಬೇತಿ ಮುಗಿದು ಉಳಿದವರು ಹಳೆಯ ಪರದೆಗೆ ಹೋದರು, ಇನ್ನೊಂದು ಬ್ಯಾಚು ಬಂತು. ಒಂದು ಬೆಳಿಗ್ಗೆ ಫಿಲೋಮಿನಾ ನನಗೆ ಫೋನ್ ಮಾಡಿದಳು. ಹಲಸೂರಿನವಳು, ಗಟ್ಟಿ ಗಂಟಲು. ಅವತ್ತು ಮಾತ್ರ ಪಿಸುಮಾತಿನಲ್ಲಿ ಮಾತಾಡಿದಳು.

“ಸಾರ್, ನಿನ್ನೆ ನಾನು ಬೇಕಂತಾನೇ ಚೀಟಿ ಹಿಂದೆ ಲೆಕ್ಕ ಬರ್ಕೊಂಡೆ ಸಾರ್. ಸರೋಜಾಗೆ ಎಂಟು ಒತ್ತಿದ್ದೀನಿ. ಮ್ಯಾನೇಜರ್ ರಿಪೋರ್ಟ್ ಹಿಡ್ಕೊಂಡು ಬಂದು ಜರೀನಾನ ಬಯ್ತಾ ಇದ್ರು, ಹಿಂದಿಂದ ನೋಡ್ದೆ. ಸರೋಜಾಗೆ ಸೊನ್ನೆ. ಎಲ್ಲಾ ಜರೀನಾ ಮೇಲೆ ಬಿದ್ದಿದೆ. ಆ ಹುಡುಗಿ ಕೈ ಎಷ್ಟು ನೀಟು ಅಂತ ನಂಗೆ ಗೊತ್ತು ಸಾರ್, ನಮ್ಮ ಬೀದಿಯವಳು.” ಫೋನ್ ಇಡುವ ಮುಂಚೆ, “ಸಾರ್, ಯಲ್ಲಮ್ಮಗೂ ಇದೇ ಆಗಿದ್ದು ತಾನೇ?” ಎಂದಳು.

ಕೋಡು ತೆರೆದು ನೋಡಿದೆ. ನೋಡಿದ ಕೂಡಲೇ ಕಂಡಿತು. ಪಟ್ಟಿಯ ಒಂದೊಂದೇ ಹೆಸರನ್ನು ಎತ್ತಿಕೊಂಡು, ಬಟನ್ ಹುಟ್ಟಿಸಿ, ‘ಒತ್ತಿದಾಗ ಈ ಹೆಸರಿಗೆ ರಿಜೆಕ್ಟ್ ಹಾಕು’ ಎಂದು ಬರೆದಿದ್ದೆ. ಆದರೆ ಆ ಹೊಸ ರೀತಿಯಲ್ಲಿ ಹ್ಯಾಂಡ್ಲರು ಹೆಸರನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಹೆಸರು ಇಟ್ಟಿದ್ದ ಡಬ್ಬಿಯನ್ನು ನೆನಪಿಟ್ಟುಕೊಳ್ಳುತ್ತಿತ್ತು. ಎಲ್ಲ ಬಟನ್‌ಗಳಿಗೂ ಒಂದೇ ಡಬ್ಬಿ. ಪಟ್ಟಿ ಮುಗಿಯುವಾಗ ಅದರಲ್ಲಿ ಉಳಿಯುತ್ತಿದ್ದದ್ದು ಕೊನೆಯ ಹೆಸರು. ಹಾಗಾಗಿ ಯಾವ ಬಟನ್ ಒತ್ತಿದರೂ ರಿಜೆಕ್ಟ್ ಬೀಳುತ್ತಿದ್ದದ್ದು ಅವಳಿಗೇ. ಪಟ್ಟಿ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿತ್ತು. ವೈ ಅಕ್ಷರದ ಯಲ್ಲಮ್ಮ ಒಂದು ಬ್ಯಾಚಿನ ಕೊನೆ. ಜೆಡ್ ಅಕ್ಷರದ ಜರೀನಾ ಇನ್ನೊಂದರ ಕೊನೆ. ಹನ್ನೊಂದು ಜನ ಹೊಲಿದ ತಪ್ಪುಗಳನ್ನೆಲ್ಲ ನಾನು ಒಬ್ಬಳ ಕೈಗೆ ಕಟ್ಟಿದ್ದೆ.

ಸರಿಮಾಡಲು ಬೇಕಾದದ್ದು ಒಂದು ಸಾಲು. ಹೆಸರನ್ನು ಪ್ರತಿ ಸಲ ಹೊಸ ಡಬ್ಬಿಗೆ ಹಾಕಿಕೊಂಡರೆ ಸಾಕು.

ಮುರಳಿ ಸಾರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ.

“ಫಿಕ್ಸ್ ಮಾಡಿ ಇವತ್ತೇ ಕಳ್ಸಿಬಿಡಿ. ಏನು ಬದಲಾಯಿಸಿದ್ವಿ ಅಂತ ಕೇಳ್ತಾರೆ, ಸ್ಕ್ರೀನ್ ಸ್ಪೀಡ್ ಜಾಸ್ತಿ ಮಾಡಿದ್ದೀವಿ ಅಂತ ಬರೀರಿ.”

“ಸಾರ್, ಆ ಹೆಂಗಸನ್ನ ಕೆಲಸದಿಂದ ತೆಗೆದಿದ್ದಾರೆ.”

“ಅವರಿಗೆ ಇನ್ನೊಂದು ಗಾರ್ಮೆಂಟ್ಸ್ ಸಿಗತ್ತೆ ಶರಣ್. ಆ ರೋಡಲ್ಲಿ ಎಷ್ಟಿದಾವೆ ನೋಡಿದೀರಲ್ಲ. ನಮಗೆ ಇನ್ನೊಂದು ಕ್ಲೈಂಟ್ ಅಷ್ಟು ಸುಲಭವಾಗಿ ಸಿಗಲ್ಲ.”

ಸ್ಕ್ರೀನ್ ವೇಗ ಹೆಚ್ಚಿಸಲಾಗಿದೆ ಎಂದು ನನ್ನ ಕೈಯಾರೆ ಬರೆದೆ. ಜರೀನಾಳ ಕೆಲಸ ಉಳಿಯಿತು. ‘ಮೊದಲು ಕೈ ಸರಿಯಿರಲಿಲ್ಲ, ಆಮೇಲೆ ಸುಧಾರಿಸಿದ್ದಾಳೆ’ ಎಂದು ಮ್ಯಾನೇಜರ್ ಅವಳ ಫೈಲಿನಲ್ಲಿ ಬರೆದರಂತೆ. ಉಳಿದ ಹುಡುಗಿಯರು ಇದ್ದಕ್ಕಿದ್ದಂತೆ ಕೆಟ್ಟದಾಗಿ ಹೊಲಿಯಲು ಶುರುಮಾಡಿದ್ದು ಯಾಕೆಂದು ಯಾರೂ ಕೇಳಲಿಲ್ಲ.

ಕೆಲಸಗಾರರ ವಿಳಾಸಗಳೆಲ್ಲ ನಾನು ಮಾಡಿದ ಡೇಟಾಬೇಸಿನಲ್ಲೇ ಇದ್ದವು. ಮುಂದಿನ ಭಾನುವಾರ ರಾಮಮೂರ್ತಿ ನಗರಕ್ಕೆ ಹೋದೆ. ಒಂದೇ ಗೋಡೆ ಹಂಚಿಕೊಂಡ ಏಳೆಂಟು ಬಾಡಿಗೆ ರೂಮುಗಳ ಸಾಲು. ಯಲ್ಲಮ್ಮ ಬಾಗಿಲಲ್ಲಿ ಕೂತು ಮಗಳ ಜಡೆ ಹೆಣೆಯುತ್ತಿದ್ದಳು. ಗಂಡ ಲಗೇಜ್ ಆಟೋ ಓಡಿಸುತ್ತಿದ್ದ, ಮನೆಯಲ್ಲಿರಲಿಲ್ಲ. ನನ್ನ ಗುರುತು ಅವಳಿಗೆ ಕೂಡಲೇ ಸಿಕ್ಕಿತು. ಎದ್ದು ನಿಂತಳು.

“ಕೂಡವಾ, ಕೂಡು. ನಾನೂ ಲಿಂಗಸೂರ ಕಡೆಯಾಂವನ ಅದೀನಿ,” ಎಂದೆ. ಆ ಮಾತು ನನ್ನ ಬಾಯಿಂದ ತಡವರಿಸಿಕೊಂಡು ಬಂತು.

ಅವಳ ಮುಖ ಅರಳಿತು. “ಅಯ್ಯ, ನಮ್ಮ ಕಡೆಯವ್ರಾ! ಅವತ್ತ ಹೇಳಬಾರದಿತ್ತೇನ್ರಿ?”

ಒಳಗೆ ಕರೆದು ಚಹಾ ಮಾಡಿಕೊಟ್ಟಳು. ಮೂಲೆಯಲ್ಲಿ ಹೊಲಿಗೆ ಮಿಷನ್ ಇತ್ತು, ಅದರ ಮೇಲೆ ಚಾದರ, ಚಾದರದ ಮೇಲೆ ಜೋಳದ ಚೀಲ. ಊರಲ್ಲಿ ಹದಿನಾಲ್ಕನೇ ವಯಸ್ಸಿನಿಂದ ಹೊಲಿಯುತ್ತಿದ್ದವಳಂತೆ. ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಕೆಲಸ.

“ಓಣಿಯಾಗಿನ ಹೆಣ್ಮಕ್ಕಳು ಜಂಪರ್ ಹೊಲಿ ಅಂತ ಬರ್ತಾರ್ರಿ. ನಾ ಒಲ್ಲೆ ಅಂತೀನಿ. ನನ್ನ ಕೈ ಕೆಟ್ಟೈತಿ ಅಂತ ಕಂಪ್ಯೂಟರ್‌ದಾಗ ಬಂದೈತಲ್ಲ. ಮಿಷನ್ ಮ್ಯಾಲ ಕೂಡಾಕ ಧೈರ್ಯ ಆಗವಲ್ದು.”

ಆಗ ಹೇಳಿದೆ. ಡಬ್ಬಿಯ ಕಥೆಯನ್ನೆಲ್ಲ ಅವಳಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದೆ. ನನ್ನ ತಪ್ಪು ಎಂದೂ ಹೇಳಿದೆ. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಅಂದ್ರ ಹನ್ನೊಂದು ಮಂದೀದು ನನ್ನ ಹೆಸರಿಗೆ ಬಂತು.”

“ಹೌದವಾ.”

ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಕಾದೆ. ಅವಳು ಮಗಳ ನೋಟ್‌ಬುಕ್ಕಿನಿಂದ ನಡುವಿನ ಒಂದು ಹಾಳೆ ಬಿಡಿಸಿ ನನ್ನ ಮುಂದೆ ಇಟ್ಟಳು.

“ಇದನ್ನ ಬರದು ಕೊಡ್ರಿ ಸರ್ರ. ಕೆಲಸಾ ಕೊಡ್ಲಿ, ಬಿಡ್ಲಿ. ಬೇಕಂತ ಕೆಡಸೀನಿ ಅಂತ ಬರದಾರಲ್ಲ, ಅದನ್ನ ತಗೀಬೇಕು ಅವ್ರು.”

ಬರೆದೆ. ಪ್ರೋಗ್ರಾಮಿನಲ್ಲಿ ತಪ್ಪಿತ್ತು, ಯಲ್ಲಮ್ಮನವರ ಹೆಸರಿಗೆ ಬಂದ ರಿಜೆಕ್ಟ್‌ಗಳು ಅವರೊಬ್ಬರವಲ್ಲ, ಎಂದು ಬರೆದು ಪೂರ್ತಿ ಹೆಸರಿನಲ್ಲಿ ಸಹಿ ಮಾಡಿದೆ. ಅವಳು ಅದನ್ನು ಎರಡು ಸಲ ಓದಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಬಗ್ಗೆ ನನಗೇ ಮೆಚ್ಚುಗೆ ಆಗಿತ್ತು. ಇದನ್ನೂ ಬರೆಯಲೇಬೇಕು.

ಎರಡು ದಿನದ ಮೇಲೆ, ಬೆಳಿಗ್ಗೆ, ಮುರಳಿ ಸಾರ್ ನನ್ನನ್ನು ತಮ್ಮ ಕೋಣೆಗೆ ಕರೆದರು. ಫೋನಿನ ಸ್ಪೀಕರ್ ಹಾಕಿತ್ತು. ಕಾರ್ಖಾನೆಯ ಮ್ಯಾನೇಜರ್ ಮಾತಾಡುತ್ತಿದ್ದರು.

“ಇಲ್ಲೊಬ್ಬಳು ಗೇಟಿಗೆ ಬಂದು ಕೂತಿದ್ದಾಳೆ ಮುರಳಿ. ನಿಮ್ಮ ಇಂಜಿನಿಯರ್ ಬರೆದಿದ್ದು ಅಂತ ಏನೋ ಕಾಗದ ತಂದಿದ್ದಾಳೆ. ಸಾಫ್ಟ್‌ವೇರ್ ತಪ್ಪು ಅಂತೆ. ಏನಿದು?”

ಮುರಳಿ ಸಾರ್ ನನಗೆ ಹೀಗೆ ಹೇಳು ಎಂದು ಹೇಳಲಿಲ್ಲ. ಕಣ್ಸನ್ನೆಯನ್ನೂ ಮಾಡಲಿಲ್ಲ. ಫೋನನ್ನು ನನ್ನ ಕಡೆಗೆ ತಿರುಗಿಸಿ, “ಶರಣ್, ನೀವು ಬರ್ಕೊಟ್ಟಿದ್ದೀರಾ?” ಎಂದು ಕೇಳಿದರು, ಅಷ್ಟೆ.

ನಾನು, “ಇಲ್ಲ ಸಾರ್. ಆ ಹೆಂಗಸನ್ನ ನಾನು ನೋಡೇ ಇಲ್ಲ,” ಎಂದೆ. ಅವತ್ತು ಗೋಡೆಯ ಬಳಿ ನಾವು ಮಾತಾಡಿದ್ದನ್ನು ಕಂಡಿದ್ದ ಮ್ಯಾನೇಜರ್, ಆಯ್ತು ಎಂದು ಫೋನ್ ಇಟ್ಟರು.

ಆಗ ನನ್ನ ಮನೆಯ ಪರಿಸ್ಥಿತಿ ಹೇಗಿತ್ತು, ಯಾವುದಕ್ಕೆ ಹೆದರಿದ್ದೆ ಎಂದು ಇಲ್ಲಿ ಎರಡು ಪುಟ ಬರೆಯಬಹುದು. ಬರೆಯುವುದಿಲ್ಲ. ಅವಳನ್ನು ನೋಡೇ ಇಲ್ಲ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ, ನಾನೇ ಸೇರಿಸಿದ್ದೆ.

ನನ್ನ ಜಾಗಕ್ಕೆ ಬಂದು ಕೂತ ಹತ್ತು ನಿಮಿಷಕ್ಕೆ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಕಾರ್ಖಾನೆಯ ನಂಬರು. ಒಂಬತ್ತು ಸಲ ರಿಂಗಾಯಿತು. ನಾನು ಪರದೆಯನ್ನು ನೋಡುತ್ತ ಎಣಿಸಿದೆ. ಎತ್ತಲಿಲ್ಲ.

ಮೂರು ವಾರದ ನಂತರ ರಾಮಮೂರ್ತಿ ನಗರಕ್ಕೆ ಹೋದಾಗ ಆ ರೂಮಿನಲ್ಲಿ ಬೇರೆ ಸಂಸಾರ ಇತ್ತು. ಖಾಲಿ ಮಾಡಿಕೊಂಡು ಹೋದರು, ಎಲ್ಲಿಗೆಂದು ಹೇಳಲಿಲ್ಲ ಎಂದರು ಮನೆಯ ಮಾಲೀಕರು. ಡೇಟಾಬೇಸಿನಲ್ಲಿ ಇದ್ದದ್ದು ಆ ವಿಳಾಸ ಮಾತ್ರ.

ಕೆಲಸ ನಡೆಯಿತು. ನನ್ನ ಕೈಕೆಳಗೆ ಹೊಸಬರು ಬಂದರು. ಅವರಿಗೆ ಕಮಲಾ ಮೇಡಂ ಹೇಳಿಕೊಟ್ಟದ್ದನ್ನೇ ಹೇಳಿಕೊಟ್ಟೆ, ಅವರ ಹೆಸರು ಹೇಳದೆ. ಕೆಲವು ವರ್ಷಗಳ ಮೇಲೆ ಆ ಭಾಷೆಯನ್ನು ಮಾಡಿದವರೇ ಅದನ್ನು ತಿದ್ದಿದರು. ನಾನು ಅವತ್ತು ಬರೆದ ಅವೇ ಸಾಲುಗಳನ್ನು ಇವತ್ತು ಬರೆದರೆ ಒಂದೊಂದು ಬಟನ್ನಿಗೂ ತನ್ನದೇ ಹೆಸರು ಸಿಗುತ್ತದೆ, ತಪ್ಪಾಗುವುದಿಲ್ಲ. ಆ ಹಳೆಯ ತಪ್ಪನ್ನು ಕೈಕೆಳಗಿನ ಒಬ್ಬ ಹುಡುಗಿಗೆ ಹೇಳಿದಾಗ ಅವಳು ಬರೆದು ನೋಡಿ, “ಸರಿಯಾಗೇ ಬರ್ತಾ ಇದೆಯಲ್ಲ ಸಾರ್, ನೀವೆಲ್ಲೋ ಬೇರೆ ಮಿಸ್ಟೇಕ್ ಮಾಡಿರ್ಬೇಕು,” ಎಂದಳು. ಹೌದು ಎಂದೆ.

ನಿವೃತ್ತನಾದ ವರ್ಷ, ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮುಂಚೆ, ರಸೆಲ್ ಮಾರುಕಟ್ಟೆಯ ಹೂವಿನ ಅಂಗಡಿಗಳ ಮುಂದೆ ಫಿಲೋಮಿನಾ ಸಿಕ್ಕಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ನಾನೇ ಮಾತಾಡಿಸಿದೆ. ಅವಳು ಹೂವಿನವನಿಗೆ ಚಿಲ್ಲರೆ ಕೊಟ್ಟು ಮುಗಿಸುವ ತನಕ ನನ್ನ ಕಡೆ ತಿರುಗಲಿಲ್ಲ.

“ಅವತ್ತು ಗೇಟಲ್ಲಿ ನಾನು ಇದ್ದೆ ಸಾರ್,” ಎಂದಳು. “ಯಲ್ಲಮ್ಮ ತಂದ ಕಾಗದ ಸುಳ್ಳು ಸಹಿ ಅಂದ್ರು. ಇನ್ನೊಂದ್ಸಲ ಬಂದ್ರೆ ಪೊಲೀಸ್‌ಗೆ ಕೊಡ್ತೀವಿ ಅಂದ್ರು. ಮ್ಯಾನೇಜರ್ ಅದನ್ನ ಹರಿದು ಹಾಕೋಕೆ ಮುಂಚೆ ಅವಳು ಒಂದೇ ಒಂದು ಕೇಳ್ಕೊಂಡ್ಳು. ಇನ್ನೊಂದ್ಸಲ ಫೋನ್ ಮಾಡಿ ಅಂತ.”

ಹಿಂದಿನಿಂದ ಬಂದವರಿಗೆ ದಾರಿ ಬಿಡಲು ನಾನು ಪಕ್ಕಕ್ಕೆ ಸರಿದೆ.

“ಮ್ಯಾನೇಜರ್ ಮಾಡಲ್ಲ ಅಂದ್ರು. ನಾನೇ ಟೈಮ್ ಆಫೀಸಿಗೆ ಓಡಿ ಹೋಗಿ ಮಾಡ್ದೆ. ಅವಳು ಪಕ್ಕದಲ್ಲೇ ನಿಂತಿದ್ಳು. ನೀವು ಎತ್ತಲಿಲ್ಲ. ಅವಳೇ ನಂಗೆ ಸಮಾಧಾನ ಹೇಳಿದ್ಳು ಸಾರ್. ‘ಅವ್ರಿಗೆ ಮೊದಲ ನನ್ನ ಹೆಸರು ಸರಿಯಾಗಿ ಕೇಳಿರ್ಲಿಕ್ಕಿಲ್ಲ ಅಕ್ಕ. ಅವ್ರು ನಮ್ಮ ಕಡೆಯವ್ರು, ನಮ್ಮ ಮನ್ಯಾಗ ಚಾ ಕುಡದಾರ. ಯಲ್ಲಮ್ಮ ಅಂತ ಕೇಳಿದ್ರ ಇಲ್ಲ ಅನ್ನಾಂಗಿಲ್ಲ,’ ಅಂದ್ಳು.”

ಹೂವಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಅವಳು ಕೇಳಿದಳು: “ನೀವು ಫೋನ್ ಎತ್ತಿದ್ರೆ ಏನು ಹೇಳ್ತಿದ್ರಿ ಸಾರ್?”

ಜನ ನೂಕಿಕೊಂಡು ಹೋಗುತ್ತಿದ್ದರು. ಅವಳು ಚೀಲವನ್ನು ಹೆಗಲಿಗೇರಿಸಿ, “ಬರ್ತೀನಿ ಸಾರ್,” ಎಂದು ಹೊರಟಳು. ಇಲ್ಲ ಎಂದೇ ಹೇಳುತ್ತಿದ್ದೆ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಯಲ್ಲಮ್ಮ ಒಬ್ಬಳೇ.